ಗುಳಿಗೆ ತಪ್ಪಿಸಿಲ್ಲ, ಆದರೂ ಸಿಡಿ4 ಏರಲಿಲ್ಲ

ನನ್ನ ಹಸಿರು ಪುಸ್ತಕದಲ್ಲಿ ಒಂದು ಕಾಲಂ ಇದೆ. ಆರು ತಿಂಗಳಿಗೊಮ್ಮೆ ಅಲ್ಲಿ ಒಂದು ಸಂಖ್ಯೆ ಬರೆಯುತ್ತಾರೆ. 38, 94, 121, 139, 147, 142, 71, 133, 152, 158, 149, 166. ಎಆರ್‌ಟಿ ಕೇಂದ್ರಕ್ಕೆ, ಅಂದರೆ ಎಚ್‌ಐವಿಗೆ ಗುಳಿಗೆ ಕೊಡುವ ಕಡೆಗೆ, ಹೋಗುವವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇದು ಸಿಡಿ4 ಲೆಕ್ಕ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಒಂದು ಸಾಸಿವೆ ಕಾಳಿಗಿಂತ ಕಡಿಮೆ ರಕ್ತದಲ್ಲಿ, ಸಿಡಿ4 ಎಂಬ ಬಿಳಿ ರಕ್ತಕಣಗಳು ಎಷ್ಟಿವೆ ಎನ್ನುವ ಎಣಿಕೆ. ಎಚ್‌ಐವಿ ಮುಖ್ಯವಾಗಿ ಕೊಲ್ಲುವುದು ಇವುಗಳನ್ನೇ.

ಆರೋಗ್ಯ ಸರಿ ಇರುವವರಲ್ಲಿ ಇದು ಸುಮಾರು 500ರಿಂದ 1,500ರವರೆಗೆ ಇರುತ್ತದೆ. 200ಕ್ಕಿಂತ ಕೆಳಗೆ ಇಳಿದರೆ ಏಡ್ಸ್ ಹಂತ ಎನ್ನುತ್ತಾರೆ. ಗುಳಿಗೆ ಶುರುವಾದ ಮೇಲೆ ಮೊದಲ ವರ್ಷ 50ರಿಂದ 100 ಏರುತ್ತದೆ, ಆಮೇಲೂ ವರ್ಷ ವರ್ಷ ಏರುತ್ತಾ ಹೋಗುತ್ತದೆ ಅಂತ ಮೊದಲ ದಿನವೇ ಹೇಳಿರುತ್ತಾರೆ. ಹೆಚ್ಚಿನವರಿಗೆ ಏರುತ್ತದೆ ಕೂಡ. ನನಗಿಂತ ಎರಡು ವರ್ಷ ತಡವಾಗಿ ಬಂದವರು 600 ದಾಟಿದ್ದನ್ನು ನಾನೇ ಕಂಡಿದ್ದೇನೆ. ನನ್ನದು ಮಾತ್ರ ವರ್ಷಗಟ್ಟಲೆ 150ರ ಅಕ್ಕಪಕ್ಕದಲ್ಲೇ ಸುಳಿದಾಡಿತು. ರಕ್ತದಲ್ಲಿ ವೈರಸ್ ಸಿಗುವುದಿಲ್ಲ. ಗುಳಿಗೆ ತನ್ನ ಕೆಲಸ ಮಾಡುತ್ತಿದೆ. ಆದರೂ ಕಳೆದುಹೋದದ್ದು ತಿರುಗಿ ಬರುತ್ತಿಲ್ಲ.

ಹೀಗಾಗುವವನು ನಾನೊಬ್ಬನೇ ಅಂತ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಚಿಕಿತ್ಸೆಯಲ್ಲಿರುವ ನೂರು ಜನರಲ್ಲಿ ಹತ್ತರಿಂದ ನಲವತ್ತು ಜನರಿಗೆ ಹೀಗೆ ಆಗುತ್ತದೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಅಂತರ ಇಷ್ಟು ದೊಡ್ಡದಿರುವುದಕ್ಕೆ ಕಾರಣ, ಗೆರೆ ಎಲ್ಲಿ ಹಾಕಬೇಕು ಅನ್ನುವುದರಲ್ಲೇ ಒಮ್ಮತ ಇಲ್ಲ. ಕೆಲವರು 200 ಅನ್ನುತ್ತಾರೆ, ಕೆಲವರು 350, ಇನ್ನು ಕೆಲವರು 500. ನಾನಂತೂ ಯಾವ ಗೆರೆ ಹಾಕಿದರೂ ಅದರ ಕೆಳಗೇ ಬರುತ್ತಿದ್ದೆ.

ನಾನು ಗದಗಿನವನು. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು. 1990ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಆಮೇಲೆ ಕಂಪ್ಯೂಟರ್ ಬಂತು, ಡಿಟಿಪಿ ಕಲಿತೆ. ಈಗಲೂ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಕ್ಯಾಲೆಂಡರ್ ಮಾಡಿಕೊಂಡು ಬದುಕುತ್ತಿದ್ದೇನೆ. ರೋಗ ಹೇಗೆ ಬಂತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಅದರಿಂದ ಯಾರಿಗೂ ಏನೂ ಉಪಯೋಗ ಇಲ್ಲ.

2009ರಲ್ಲಿ ನನ್ನ ಕುತ್ತಿಗೆಯಲ್ಲಿ, ಎರಡೂ ಕಡೆ, ಕಡಲೆಕಾಳಿನ ಗಾತ್ರದ ಗಂಟುಗಳು ಎದ್ದವು. ನೋವಿಲ್ಲ. ಒಂದು ಕ್ಲಿನಿಕ್ಕಿಗೆ ತೋರಿಸಿದೆ. ಐದು ದಿನದ ಆಂಟಿಬಯಾಟಿಕ್ ಕೊಟ್ಟರು. ಸ್ವಲ್ಪ ಇಳಿದ ಹಾಗೆ ಆಯಿತು. ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಗಂಟುಗಳಿಗೂ ನನ್ನ ಏರದ ಲೆಕ್ಕಕ್ಕೂ ಏನು ಸಂಬಂಧ ಅನ್ನುವುದು ಗೊತ್ತಾಗಲು ಒಂಬತ್ತು ವರ್ಷ ಬೇಕಾಯಿತು.

2013ರ ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು. ರಾತ್ರಿ ಬೆವರಿ ಹಾಸಿಗೆ ತೊಯ್ಯುತ್ತಿತ್ತು. ಮೂರು ತಿಂಗಳಲ್ಲಿ ಹನ್ನೊಂದು ಕೆ.ಜಿ. ಇಳಿದೆ. ನಾಲಿಗೆಯ ಮೇಲೆ ಮೊಸರು ಬಳಿದ ಹಾಗೆ ಬಿಳಿ ಪದರ. ಕಫದಲ್ಲಿ ಟಿಬಿ ಸಿಕ್ಕಿತು. ಟಿಬಿ ಇದ್ದವರಿಗೆಲ್ಲ ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ಹಾಗಾಗಿ ನನ್ನದು ಗೊತ್ತಾಯಿತು. ಸಿಡಿ4 ಬರೀ 38. ಹೆಂಡತಿಗೆ ಪರೀಕ್ಷೆ ಮಾಡಿಸಿದೆವು, ನೆಗೆಟಿವ್ ಬಂತು. ಆ ದಿನ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಅತ್ತಿದ್ದು ನನ್ನ ಫಲಿತಾಂಶಕ್ಕಲ್ಲ, ಅವಳದಕ್ಕೆ.

ಮೊದಲು ಟಿಬಿ ಗುಳಿಗೆ ಶುರು ಮಾಡಿದರು. ಅದು ಮೈಗೆ ಹೊಂದಿಕೊಂಡ ಮೇಲೆ ಎಆರ್‌ಟಿ. ಊರಲ್ಲಿ ಗುರುತಿನವರು ಜಾಸ್ತಿ. ಹಾಗಾಗಿ ಬೇರೆ ಜಿಲ್ಲೆಯ ಕೇಂದ್ರದಲ್ಲಿ ಹೆಸರು ಬರೆಸಿದೆ. ಬಸ್ಸಿನಲ್ಲಿ ಎರಡು ತಾಸು. ರಾತ್ರಿ ಮಲಗುವಾಗ ಒಂದೇ ಗುಳಿಗೆ, ಅದರಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಮೂರೂ ಸೇರಿರುತ್ತವೆ. ಎಫಾವಿರೆಂಜ್‌ಗೆ ಕೆಟ್ಟ ಕನಸು ಬೀಳುತ್ತವೆ ಅಂತ ಮೊದಲೇ ಹೇಳಿದ್ದರು. ನನಗೆ ತಿಂಗಳುಗಟ್ಟಲೆ ಒಂದೇ ಕನಸು: ಮೊಳೆಗಳ ಕೇಸು ಕೈಜಾರಿ ಬಿದ್ದು ಅಕ್ಷರಗಳೆಲ್ಲ ನೆಲದ ತುಂಬ ಚೆಲ್ಲಿವೆ, ನಾನು ಆರಿಸುತ್ತಲೇ ಇದ್ದೇನೆ.

ಮೈ ಬೇಗ ಚೇತರಿಸಿಕೊಂಡಿತು. ಆರು ತಿಂಗಳಲ್ಲಿ ಟಿಬಿ ವಾಸಿಯಾಯಿತು. ತೂಕ ತಿರುಗಿ ಬಂತು. ಸಿಡಿ4 94ಕ್ಕೆ ಬಂದಾಗ ಕೌನ್ಸೆಲರ್ ಚಪ್ಪಾಳೆ ತಟ್ಟಿದರು. 121 ಆದಾಗ ನಕ್ಕರು. 139 ಆದಾಗ ಸುಮ್ನೆ ಬರೆದುಕೊಂಡರು. 2015 ಮುಗಿಯುವ ಹೊತ್ತಿಗೆ ಆ ಏಣಿ ಹತ್ತುವುದೇ ನಿಂತುಹೋಗಿತ್ತು.

2016ರ ಸೆಪ್ಟೆಂಬರ್ ನನಗೆ ಮರೆಯುವಂಥದ್ದಲ್ಲ. ಹಿಂದಿನ ವಾರ ಚಿಕುನ್‌ಗುನ್ಯಾ ಬಂದು ಕೈಕಾಲಿನ ಕೀಲುಗಳೆಲ್ಲ ಹಿಡಿದುಕೊಂಡಿದ್ದವು. ಆದರೂ ತಾರೀಕು ತಪ್ಪಿಸಬಾರದು ಅಂತ ಹೋಗಿ ರಕ್ತ ಕೊಟ್ಟು ಬಂದೆ. ಲೆಕ್ಕ 71. ಹಿಂದಿನದರ ಅರ್ಧ. ಹೀಗೆ ಅರ್ಧಕ್ಕೆ ಇಳಿದರೆ ಔಷಧಿ ಸೋತಿದೆ ಅಂತ ಅನುಮಾನ ಪಡುವುದು ಆಗಿನ ಪದ್ಧತಿ. ಔಷಧಿ ಸೋಲುವುದಕ್ಕೆ ಎಲ್ಲಕ್ಕಿಂತ ಮೊದಲ ಕಾರಣ ಗುಳಿಗೆ ತಪ್ಪಿಸುವುದು. ಹಾಗಾಗಿ ಟೇಬಲ್ಲಿನ ಆಚೆಯಿಂದ ಬಂದ ಮೊದಲ ಮಾತು ಇದು:

“ಖರೇ ಹೇಳ್ರಿ. ಗುಳಿಗಿ ಬಿಟ್ಟೀರೇನು?”

ಇಲ್ಲ ಅಂದೆ. ಮತ್ತೆ ಕೇಳಿದರು. ಕುಡಿಯುತ್ತೀರಾ ಅಂತ ಕೇಳಿದರು. ಉಳಿದ ಗುಳಿಗೆಗಳನ್ನು ಟೇಬಲ್ ಮೇಲೆ ಸುರಿದು ಎಣಿಸಿದರು. ಎಣಿಕೆ ಸರಿ ಇತ್ತು. “ಎಸೆದು ಬಂದರೂ ಎಣಿಕಿ ಸರಿ ಆಗತೈತಿ” ಅಂತ ಒಬ್ಬರು ಅಂದರು. ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಅದು ಕೇಳಿಸಿತು.

ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದ ಕ್ಯಾಲೆಂಡರ್ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಇರುತ್ತದೆ. 2013ರಿಂದ ಪ್ರತಿ ರಾತ್ರಿ ಗುಳಿಗೆ ನುಂಗಿದ ಮೇಲೆ ಆ ದಿನದ ಚೌಕದಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುತ್ತೇನೆ. ಅವತ್ತು ಮನೆಗೆ ಬಂದಾಗ ಹೆಂಡತಿಯೂ ಮೆಲ್ಲಗೆ ಕೇಳಿದಳು, “ಒಂದ್ ದಿನಾನೂ ತಪ್ಪಿಲ್ಲ ಹೌದಲ್ರಿ?” ಅವಳು ಕೇಳಿದ್ದು ಅನುಮಾನದಿಂದಲ್ಲ, ಹೆದರಿಕೆಯಿಂದ. ಆದರೂ ಒಳಗೆ ಏನೋ ಮುರಿದ ಹಾಗಾಯಿತು. ಮಾರನೆಯ ಭೇಟಿಗೆ ನಾಲ್ಕು ವರ್ಷದ ಕ್ಯಾಲೆಂಡರುಗಳನ್ನು ಸುತ್ತಿ ಚೀಲದಲ್ಲಿ ಹಾಕಿಕೊಂಡು ಹೋದೆ. ಅದನ್ನು ಬಿಚ್ಚಿ ನೋಡಿದ್ದು ಒಬ್ಬ ನರ್ಸಮ್ಮ ಮಾತ್ರ. ಮೂರು ವರ್ಷದಲ್ಲಿ ಚುಕ್ಕೆ ಇಲ್ಲದ ಚೌಕಗಳು ಎರಡು. ಒಂದು ನಮ್ಮ ತಾಯಿ ತೀರಿಕೊಂಡ ರಾತ್ರಿ. ಇನ್ನೊಂದು ಬಸ್ಸು ಕೆಟ್ಟು ಲಕ್ಷ್ಮೇಶ್ವರದಲ್ಲಿ ಉಳಿದ ರಾತ್ರಿ.

ಇದನ್ನು ದೂರು ಹೇಳುವುದಕ್ಕೆ ಬರೆಯುತ್ತಿಲ್ಲ. ದಿನಕ್ಕೆ ನೂರಾರು ಜನರನ್ನು ನೋಡುವವರು ಅವರು. ಗುಳಿಗೆ ಬಿಟ್ಟು ಸತ್ತವರನ್ನೂ ಕಂಡಿರುತ್ತಾರೆ. ಆದರೆ ಸಿಡಿ4 ಏರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಅಂತ ತೀರ್ಮಾನಿಸುವುದು ತಪ್ಪು. ಇದನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ.

ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೇರವಾಗಿ ಹೇಳುವ ಪರೀಕ್ಷೆ ಬೇರೆ ಇದೆ. ವೈರಲ್ ಲೋಡ್. ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಎಣಿಕೆ ಅದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ, ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡಲು ಸಿಡಿ4 ಬದಲು ಇದನ್ನೇ ಬಳಸಿ ಅಂತ ಹೇಳಿತ್ತು. ನಮ್ಮ ದೇಶದಲ್ಲಿ ಎಲ್ಲರಿಗೂ ವರ್ಷ ವರ್ಷ ಇದನ್ನು ಮಾಡುವುದು ಶುರುವಾಗಿದ್ದು 2018ರಲ್ಲಿ. ಅದಕ್ಕೂ ಮೊದಲು ಅನುಮಾನ ಬಂದವರ ರಕ್ತ ಮಾತ್ರ ಹೊರಗೆ ಹೋಗುತ್ತಿತ್ತು. ನನ್ನದೂ ಹೋಯಿತು. ಆರು ವಾರ ಕಾದೆ. ಬಂದ ಕಾಗದದಲ್ಲಿ ಇದ್ದದ್ದು ಮೂರೇ ಪದ: ಟಾರ್ಗೆಟ್ ನಾಟ್ ಡಿಟೆಕ್ಟೆಡ್. ವೈರಸ್ ಸಿಕ್ಕಿಲ್ಲ. ಆ ಪರೀಕ್ಷೆ ಆಗದಿದ್ದರೆ ನನ್ನನ್ನು, ಮೊದಲಿನದು ಸೋತಾಗ ಕೊಡುವ ಎರಡನೇ ಸಾಲಿನ ಔಷಧಿಗೆ ಹಾಕುತ್ತಿದ್ದರೋ ಏನೋ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧಿಯನ್ನು ಸುಮ್ನೆ ಕಳೆದುಕೊಳ್ಳುತ್ತಿದ್ದೆ.

71 ಬಂದದ್ದು ಯಾಕೆ ಅಂತಲೂ ಆಮೇಲೆ ತಿಳಿಯಿತು. ಜ್ವರ, ಸೋಂಕು ಇದ್ದಾಗ ಸಿಡಿ4 ತಾತ್ಕಾಲಿಕವಾಗಿ ಇಳಿಯುತ್ತದೆ. ಒಂದೇ ದಿನದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಬರುತ್ತದೆ. ಎರಡು ಎಣಿಕೆಗಳ ನಡುವೆ ನೂರಕ್ಕೆ ಮೂವತ್ತರಷ್ಟು ವ್ಯತ್ಯಾಸ ಇದ್ದರೂ ಅದು ಬರೀ ಏರಿಳಿತ ಇರಬಹುದು. ಜ್ವರ ಇಳಿದ ಮೇಲೆ ಮಾಡಿದಾಗ 133 ಬಂತು. ಅಂದಿನಿಂದ ಮೈ ಸರಿ ಇಲ್ಲದಿದ್ದರೆ ನಾನೇ ಹೇಳುತ್ತೇನೆ: ಇವತ್ತು ಬೇಡ, ಮೂರು ವಾರ ಬಿಟ್ಟು ಕೊಡುತ್ತೇನೆ.

ವೈರಸ್ ಇಲ್ಲ ಅಂತಾದ ಮೇಲೆ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಹಾಗಾದರೆ ಯಾಕೆ ಏರುತ್ತಿಲ್ಲ? ಕೇಂದ್ರದಲ್ಲಿ “ಚೆನ್ನಾಗಿ ಊಟ ಮಾಡಿ, ಮೊಟ್ಟೆ ತಿನ್ನಿ” ಅಂದರು. ತಿಂದೆ. ತೂಕ ಏರಿತು, ಸಿಡಿ4 ಏರಲಿಲ್ಲ. ಆಗ ಒಂದು ತಪ್ಪು ಮಾಡಿದೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಅಂತ ಒಬ್ಬರು ಮಾರುತ್ತಿದ್ದರು. ಮೂರು ತಿಂಗಳಿಗೆ 4,800 ರೂಪಾಯಿ. ಎರಡು ತಿಂಗಳು ತಿಂದೆ. ಮೂತ್ರ ಅರಿಸಿನದ ಹಾಗಾಯಿತು. ಲಿವರ್ ಪರೀಕ್ಷೆಯಲ್ಲಿ, ಲಿವರ್‌ಗೆ ಪೆಟ್ಟು ಬಿದ್ದರೆ ಏರುವ ಎಸ್‌ಜಿಪಿಟಿ 180ಕ್ಕೆ ಹೋಗಿತ್ತು. ಪುಡಿ ಬಿಟ್ಟ ಮೇಲೆ ಆರು ವಾರದಲ್ಲಿ ಇಳಿಯಿತು. ಲೆಕ್ಕ ಏರದವರ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ದಯವಿಟ್ಟು ಹುಷಾರಾಗಿರಿ.

2018ರಲ್ಲಿ ಹುಬ್ಬಳ್ಳಿಯ ಒಬ್ಬ ವೈದ್ಯರ ಹತ್ತಿರ ಹೋದೆ. ಅರ್ಧ ತಾಸು ಕೂರಿಸಿಕೊಂಡು ಎಲ್ಲ ಕೇಳಿದರು. ಮೊದಲು ಬೇರೆ ಕಾರಣ ಏನಾದರೂ ಅಡಗಿದೆಯಾ ಅಂತ ಹುಡುಕಬೇಕು ಅಂದರು. ಟಿಬಿ ಮತ್ತೆ ಬಂದಿದೆಯಾ ಅಂತ ಎಕ್ಸ್‌ರೇ, ಕಫ. ಹೊಟ್ಟೆಯೊಳಗೆ ಗಂಟುಗಳಿವೆಯಾ, ಲಿವರ್ ಹೇಗಿದೆ, ಗುಲ್ಮ ದೊಡ್ಡದಾಗಿದೆಯಾ ಅಂತ ಸ್ಕ್ಯಾನಿಂಗ್. ಗುಲ್ಮ ಊದಿಕೊಂಡರೆ ಅದು ರಕ್ತಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದಂತೆ. ಹೆಪಟೈಟಿಸ್ ಬಿ ಮತ್ತು ಸಿ, ವಿಟಮಿನ್ ಬಿ12. ನುಂಗುವ ಪ್ರತಿ ಗುಳಿಗೆಯ ಪಟ್ಟಿ. ಜಿಡೊವುಡಿನ್ ಎಂಬ ಹಳೆಯ ಎಚ್‌ಐವಿ ಔಷಧಿ ಎಲುಬಿನ ಮಜ್ಜೆಯನ್ನೇ ಕುಗ್ಗಿಸುತ್ತದೆ. ನಾನು ಅದರಲ್ಲಿ ಇರಲಿಲ್ಲ. ಎಲ್ಲ ಪರೀಕ್ಷೆಯೂ ಸರಿ ಬಂತು. ಎಕ್ಸ್‌ರೇಯಲ್ಲಿ ಮಾತ್ರ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಗೆರೆ ಇತ್ತು. ಹಳೆಯ ಟಿಬಿಯ ಗುರುತು.

ಅವರು ಆ ಗೆರೆಯ ಮೇಲೆ ಪೆನ್ನು ಇಟ್ಟು ಹೇಳಿದರು, “ಟಿಬಿ ವಾಸಿಯಾಗಿದೆ. ಗಾಯದ ಗುರುತು ಹೋಗಿಲ್ಲ. ನಿಮ್ಮ ಸಿಡಿ4 ಕಥೆಯೂ ಇದೇ.” ಆಮೇಲೆ ಕೇಳಿದರು, ಮೊದಲು ಯಾವಾಗಲಾದರೂ ಕುತ್ತಿಗೆಯಲ್ಲಿ ಗಂಟು ಬಂದಿತ್ತಾ?

2009ರ ಮಾತು ಹೇಳಿದೆ.

ಅವರು ಬಿಡಿಸಿ ಹೇಳಿದ್ದನ್ನು, ನಾನು ಆಮೇಲೆ ಡಿಕ್ಷನರಿ ಪಕ್ಕಕ್ಕೆ ಇಟ್ಟುಕೊಂಡು ಓದಿದ್ದನ್ನು, ನನ್ನ ಮಾತಿನಲ್ಲಿ ಬರೆಯುತ್ತೇನೆ.

ಮೊಳೆಯ ಕಾಲದ ಪ್ರೆಸ್ಸನ್ನು ನೆನಪಿಗೆ ತಂದುಕೊಳ್ಳಿ. ಅಕ್ಷರದ ಮೊಳೆಗಳು ಎರಕದ ಮನೆಯಿಂದ ಬರುತ್ತವೆ. ಪ್ರೆಸ್ಸಿನಲ್ಲಿ ಮರದ ಕೇಸುಗಳ ಖಾನೆಗಳಲ್ಲಿ ಇರುತ್ತವೆ. ಅಚ್ಚಿಗೆ ಹೋಗುತ್ತವೆ, ಸವೆಯುತ್ತವೆ. ಸವೆದಷ್ಟು ಹೊಸತು ಬರುತ್ತಿದ್ದರೆ ಕೆಲಸ ನಡೆಯುತ್ತದೆ.

ನಮ್ಮ ಎರಕದ ಮನೆ ಅಂದರೆ ಥೈಮಸ್ ಎನ್ನುವ ಗ್ರಂಥಿ. ಎದೆಯ ಎಲುಬಿನ ಹಿಂದೆ ಇದೆ. ಮಜ್ಜೆಯಲ್ಲಿ ಹುಟ್ಟಿದ ಕಣಗಳು ಇಲ್ಲಿಗೆ ಬಂದು ಪಳಗಿ ಸಿಡಿ4 ಆಗಿ ಹೊರಡುತ್ತವೆ. ಮಕ್ಕಳಲ್ಲಿ ಇದು ಜೋರಾಗಿ ನಡೆಯುತ್ತದೆ. ಪ್ರಾಯ ಬಂದ ಮೇಲೆ ಥೈಮಸ್ ಕುಗ್ಗುತ್ತಾ ಹೋಗಿ ಆ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ನನಗೆ ಚಿಕಿತ್ಸೆ ಶುರುವಾದಾಗ ನಲವತ್ತೊಂದು. ಇಪ್ಪತ್ತೈದರ ಹುಡುಗನಿಗೆ ಬೇಗ ಏರುವ ಲೆಕ್ಕ ನನಗೆ ಏರದಿರುವುದಕ್ಕೆ ಇದು ಒಂದು ಕಾರಣ. ಎರಕದ ಮನೆಯಲ್ಲಿ ಬೆಂಕಿ ಆಗಲೇ ಮಂದವಾಗಿತ್ತು.

ಎರಡನೆಯದು ನನ್ನನ್ನು ಹೆಚ್ಚು ಕಾಡಿದ್ದು. ಕೇಸಿನ ಕಥೆ. ಸಿಡಿ4 ಕಣಗಳು ಹೆಚ್ಚಾಗಿ ಇರುವುದು ರಕ್ತದಲ್ಲಿ ಅಲ್ಲ. ಕುತ್ತಿಗೆ, ಕಂಕುಳು, ಹೊಟ್ಟೆಯಲ್ಲಿರುವ ದುಗ್ಧಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ. ದುಗ್ಧಗ್ರಂಥಿಯ ಒಳಗೆ ಬಲೆಯಂಥ ಒಂದು ಹಂದರ ಇದೆ. ಕಣಗಳು ಅದರ ಮೇಲೆ ಓಡಾಡುತ್ತವೆ. ಅವು ಬದುಕಿರಲು ಬೇಕಾದ ಇಂಟರ್‌ಲ್ಯೂಕಿನ್-7 ಎಂಬ ಅನ್ನ ಆ ಹಂದರದಿಂದಲೇ ಸಿಗುತ್ತದೆ. ಎಚ್‌ಐವಿ ವರ್ಷಗಟ್ಟಲೆ ಅಲ್ಲಿ ಕೂತರೆ ಗ್ರಂಥಿ ಊದಿಕೊಂಡು, ಒಳಗೆ ಉರಿಯೂತ ನಡೆದು, ಮಾಯುವಾಗ ಕೊಲ್ಯಾಜೆನ್ ಎಂಬ ನಾರು ಗಟ್ಟಿಯಾಗಿ ಬೆಳೆಯುತ್ತದೆ. ಗಾಯ ಮಾಯ್ದ ಮೇಲೆ ಚರ್ಮ ಬಿಗಿಯುತ್ತದಲ್ಲ, ಹಾಗೆ. ಹಂದರ ಹಾಳಾಗುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಎಚ್‌ಐವಿ ಇದ್ದವರ ದುಗ್ಧಗ್ರಂಥಿಯ ತುಣುಕು ತೆಗೆದು ನೋಡಿ, ನಾರು ಜಾಸ್ತಿ ಇದ್ದವರಲ್ಲಿ ಸಿಡಿ4 ಚೇತರಿಕೆ ಕಡಿಮೆ ಅಂತ 2002ರಲ್ಲೇ ಬರೆದಿದೆ. ಖಾನೆಗಳಿಗೆ ಅಂಟು ಸುರಿದು ಗಟ್ಟಿಯಾದ ಕೇಸಿನಲ್ಲಿ ಹೊಸ ಮೊಳೆ ತಂದರೂ ಎಲ್ಲಿ ಇಡುವುದು?

2009ರಿಂದ 2013. ನಾಲ್ಕು ವರ್ಷ. ನನ್ನ ಕುತ್ತಿಗೆಯಲ್ಲಿ ನಡೆಯುತ್ತಿದ್ದದ್ದು ಇದೇ ಇರಬೇಕು. ಗಂಟು ಇಳಿಯಿತು ಅಂತ ನಾನು ಸಮಾಧಾನಪಟ್ಟುಕೊಂಡಿದ್ದೆ.

ಮೂರನೆಯದು ಕರುಳು. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೇ ಕರುಳಿನ ಗೋಡೆಯಲ್ಲಿರುವ ಸಿಡಿ4 ಕಣಗಳು ರಾಶಿರಾಶಿಯಾಗಿ ಸಾಯುತ್ತವೆ. ರಕ್ತದ ಲೆಕ್ಕದಲ್ಲಿ ಇದು ಅಷ್ಟಾಗಿ ಕಾಣಿಸುವುದೂ ಇಲ್ಲ. ಕಾವಲು ಹೋದ ಮೇಲೆ ಗೋಡೆ ಜಿನುಗಲು ಶುರುವಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಗುಳಿಗೆ ತೆಗೆದುಕೊಂಡ ಮೇಲೂ ಈ ಜಿನುಗು ಪೂರ್ತಿ ನಿಲ್ಲುವುದಿಲ್ಲ. ಹಗಲು ರಾತ್ರಿ ಯಾರೋ ಬಾಗಿಲು ಬಡಿಯುತ್ತಿದ್ದರೆ ಮನೆಯವರಿಗೆ ನಿದ್ದೆ ಎಲ್ಲಿ? ದೇಹ ಸದಾ ಎಚ್ಚರದಲ್ಲೇ ಇರುತ್ತದೆ. ಹೀಗೆ ಎಚ್ಚರದಲ್ಲಿರುವ ಕಣ ಬೇಗ ಸವೆದು ಸಾಯುತ್ತದೆ. ಅಂದರೆ ಬರುವುದು ಕಡಿಮೆ, ಇಡಲು ಜಾಗ ಇಲ್ಲ, ಇದ್ದದ್ದೂ ಬೇಗ ಸವೆಯುತ್ತದೆ.

ಮೊಳೆಯ ಹೋಲಿಕೆ ನಾನೇ ಅವರಿಗೆ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಇನ್ನು ಮೇಲೆ ನಾನೂ ಹೀಗೇ ಹೇಳುತ್ತೇನೆ” ಅಂದರು.

ಇವೆಲ್ಲಕ್ಕೂ ಹಿಂದೆ ಇರುವುದು ಒಂದೇ ಸಂಗತಿ, ಎಷ್ಟು ಕೆಳಗಿಳಿದ ಮೇಲೆ ಚಿಕಿತ್ಸೆ ಶುರುವಾಯಿತು ಅನ್ನುವುದು. 38ರಿಂದ ಹತ್ತುವವನಿಗೂ 400ರಿಂದ ಹತ್ತುವವನಿಗೂ ದಾರಿ ಒಂದೇ ಅಲ್ಲ. ನನಗೆ ಚಿಕಿತ್ಸೆ ಶುರುವಾದ ಕಾಲದಲ್ಲಿ ನಮ್ಮಲ್ಲಿ ಸಿಡಿ4 350ಕ್ಕೆ ಇಳಿಯುವ ತನಕ ಹೆಚ್ಚಿನವರಿಗೆ ಗುಳಿಗೆ ಕೊಡುತ್ತಿರಲಿಲ್ಲ. ಕಾಯದೆ ಬೇಗ ಶುರು ಮಾಡುವುದೇ ಒಳ್ಳೆಯದು ಅಂತ 2015ರಲ್ಲಿ ಸ್ಟಾರ್ಟ್ ಎಂಬ ದೊಡ್ಡ ಅಧ್ಯಯನ ಖಚಿತಪಡಿಸಿತು. 2017ರಿಂದ ಭಾರತದಲ್ಲೂ ಲೆಕ್ಕ ಎಷ್ಟೇ ಇರಲಿ, ಪತ್ತೆಯಾದ ಕೂಡಲೇ ಕೊಡುತ್ತಾರೆ. ನನ್ನಂಥವರು ಅದಕ್ಕೂ ಮೊದಲಿನ ಸಾಲಿನವರು.

ಲೆಕ್ಕ ಏರಿಸುವ ಇಂಜೆಕ್ಷನ್ ಇಲ್ಲವಾ ಅಂತ ಕೇಳಿದೆ. ಇತ್ತು ಅಂದರು. ಇಂಟರ್‌ಲ್ಯೂಕಿನ್-2. ಎರಡು ದೊಡ್ಡ ಪ್ರಯೋಗಗಳು ನಡೆದವು, ಎರಡೂ ಸೇರಿ ಸುಮಾರು 5,800 ಜನ. ಇಂಜೆಕ್ಷನ್ ಪಡೆದವರ ಸಿಡಿ4 ಚೆನ್ನಾಗಿ ಏರಿತು. ಆದರೆ 2009ರಲ್ಲಿ ಫಲಿತಾಂಶ ಬಂದಾಗ, ಅವರಿಗೆ ಕಾಯಿಲೆಯೂ ಕಡಿಮೆಯಾಗಿರಲಿಲ್ಲ, ಸಾವೂ ಕಡಿಮೆಯಾಗಿರಲಿಲ್ಲ. ಸಂಖ್ಯೆ ಮಾತ್ರ ದೊಡ್ಡದಾಗಿತ್ತು. ಈ ಮಾತು ಕೇಳಿದ ಮೇಲೆ ಹಸಿರು ಪುಸ್ತಕದ ಆ ಕಾಲಂ ನೋಡುವ ನನ್ನ ರೀತಿಯೇ ಬದಲಾಯಿತು. ಮೂರು ಔಷಧಿಯ ಜೊತೆ ನಾಲ್ಕನೆಯದನ್ನು ಸೇರಿಸಿ ನೋಡಿದ ಪ್ರಯೋಗಗಳಲ್ಲೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ವೈರಸ್ ಆಗಲೇ ಅಡಗಿದೆ. ಇನ್ನೊಂದು ಗುಳಿಗೆ ಯಾರನ್ನು ಹೊಡೆಯಬೇಕು?

ಸುಳ್ಳು ಸಮಾಧಾನವನ್ನೂ ಅವರು ಹೇಳಲಿಲ್ಲ. ವೈರಸ್ ಅಡಗಿದ್ದರೂ ಸಿಡಿ4 ಏರದವರಿಗೆ ಏರಿದವರಿಗಿಂತ ಅಪಾಯ ಜಾಸ್ತಿ. ಟಿಬಿ, ನ್ಯುಮೋನಿಯಾ, ಕೆಲವು ಕ್ಯಾನ್ಸರ್, ಹೃದಯದ ಕಾಯಿಲೆ. ಆದರೆ ಗುಳಿಗೆ ಇಲ್ಲದ 150ಕ್ಕೂ ವೈರಸ್ ಅಡಗಿದ 150ಕ್ಕೂ ಅಜಗಜಾಂತರ. “ನಿಮ್ಮದು ಎರಡನೆಯದು, ಅದನ್ನು ಮರೀಬೇಡಿ” ಅಂದರು.

ಹೊರಡುವಾಗ ಹೆಂಡತಿ ಒಂದು ಪ್ರಶ್ನೆ ಕೇಳಿದಳು. ಅವಳು ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳು ಅಂತ ನನಗೂ ಗೊತ್ತಿರಲಿಲ್ಲ. ಲೆಕ್ಕ ಕಡಿಮೆ ಇದೆ ಅಂದರೆ ನನಗೆ ಹರಡುವ ಸಂಭವ ಜಾಸ್ತಿಯಾ? ವೈದ್ಯರು ಪೆನ್ನು ಕೆಳಗಿಟ್ಟರು. ಇಲ್ಲಮ್ಮ, ಹರಡುವುದು ವೈರಸ್. ಅದು ರಕ್ತದಲ್ಲಿ ಸಿಗದಷ್ಟು ಅಡಗಿರುವ ತನಕ ಗಂಡ ಹೆಂಡತಿ ಕೂಡುವುದರಿಂದ ಹರಡುವುದಿಲ್ಲ. ಸಿಡಿ4 50 ಇದ್ದರೂ ಅಷ್ಟೇ, 500 ಇದ್ದರೂ ಅಷ್ಟೇ. ಐದು ವರ್ಷದಿಂದ ನಮ್ಮ ಮಂಚದ ನಡುವೆ ಒಂದು ದಿಂಬು ಇರುತ್ತಿತ್ತು. ಆ ರಾತ್ರಿ ಅವಳೇ ಅದನ್ನು ತೆಗೆದು ಕಪಾಟಿನ ಮೇಲೆ ಇಟ್ಟಳು.

2019ರಲ್ಲಿ ಎಡ ಪಕ್ಕೆಲುಬಿನ ಗುಂಟ ಸರ್ಪಸುತ್ತು ಎದ್ದಿತು. ಬೆಂಕಿಯಂಥ ಉರಿ. ಓಣಿಯವರು ಕೆಮ್ಮಣ್ಣು ಹಚ್ಚಿಸಿ, ತಲೆ ಬಾಲ ಕೂಡಿದರೆ ಉಳಿಯುವುದಿಲ್ಲ ಅಂದರು. ನಾನು ಎರಡನೇ ದಿನವೇ ಆಸ್ಪತ್ರೆಗೆ ಹೋಗಿ ಅಸೈಕ್ಲೊವಿರ್ ತಂದೆ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಏಳುವುದು ಅದು. ನಮ್ಮಂಥವರಲ್ಲಿ ಏಳುವ ಸಂಭವ ಜಾಸ್ತಿ.

2021ರಲ್ಲಿ ಹೊಸ ಗುಳಿಗೆಗೆ ಬದಲಾಯಿಸಿದರು. ಎಫಾವಿರೆಂಜ್ ಹೋಗಿ ಡೊಲುಟೆಗ್ರಾವಿರ್ ಬಂತು. ಕನಸುಗಳು ನಿಂತವು, ಅದೇ ದೊಡ್ಡ ಲಾಭ. ಲೆಕ್ಕ ಮಾತ್ರ ತನ್ನದೇ ನಿಧಾನದಲ್ಲಿ ನಡೆಯಿತು. 187, 196, 2022ರ ಕೊನೆಗೆ 208. 200 ದಾಟಿದ ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಒಂಬತ್ತು ವರ್ಷ ಆದ ಮೇಲೂ ಸ್ವಲ್ಪ ಸ್ವಲ್ಪ ಏರಬಹುದು ಅನ್ನುವುದು ನನಗೆ ಆಗಲೇ ತಿಳಿದದ್ದು.

ಏರದ ಲೆಕ್ಕದ ಜೊತೆ ಬದುಕುವುದು ಅಂದರೆ ದಿನದ ಕೆಲಸಗಳೇ. ಉಳಿದವರಿಗೆ 350 ದಾಟಿ ನಿಂತ ಮೇಲೆ ಕೋಟ್ರೈಮಾಕ್ಸಜೋಲ್ ನಿಲ್ಲಿಸುತ್ತಾರೆ. ನನಗೆ ಹನ್ನೆರಡು ವರ್ಷದಿಂದ ದಿನವೂ ಇದೆ. ಅದು ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯಾ ಮತ್ತು ಮೆದುಳಿನ ಟಾಕ್ಸೊಪ್ಲಾಸ್ಮಾ ಸೋಂಕು ಬಾರದಂತೆ ಕಾಯುತ್ತದೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಈ ನಾಲ್ಕರಲ್ಲಿ ಒಂದು ಕಂಡರೂ ಕಾಯುವುದಿಲ್ಲ. ಬಿಡದ ತಲೆನೋವು ಬಂದರೆ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಪರೀಕ್ಷೆ ಮಾಡಿ ಅಂತ ನಾನೇ ಕೇಳುತ್ತೇನೆ. ಮೂವತ್ತು ವರ್ಷ ಸೇದಿದ ಬೀಡಿ ಬಿಟ್ಟಿದ್ದೇನೆ, ಅದು ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಒಳಗಿನ ಉರಿಯೂತ ರಕ್ತನಾಳಗಳನ್ನೂ ಹಾಳು ಮಾಡುತ್ತದೆ. ಎಚ್‌ಐವಿ ಇರುವ 7,769 ಜನರ ಮೇಲೆ ನಡೆದ ರಿಪ್ರೀವ್ ಎಂಬ ಅಧ್ಯಯನದಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯಿಂದ ಹೃದಯಾಘಾತ, ಲಕ್ವದಂಥ ಘಟನೆಗಳು ಮೂರರಲ್ಲಿ ಒಂದು ಪಾಲು ಕಡಿಮೆಯಾದವು ಅಂತ 2023ರಲ್ಲಿ ಬಂತು. ಅದನ್ನು ತೋರಿಸಿ ಕೇಳಿದ ಮೇಲೆ ನನಗೂ ಸ್ಟ್ಯಾಟಿನ್ ಬರೆದುಕೊಟ್ಟರು.

ಹೋದ ತಿಂಗಳು ಕೇಂದ್ರದ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೆರಡು ಇರಬಹುದು. ಜೊತೆಗೆ ತಾಯಿ. ಹೊಸ ಹಸಿರು ಪುಸ್ತಕ, ಇನ್ನೂ ಮಡಿಕೆ ಬಿದ್ದಿಲ್ಲ. ತಾಯಿ ಅದನ್ನು ಬಿಚ್ಚಿ ನನ್ನ ಮುಂದೆ ಹಿಡಿದು, “ಇದೇನ್ ಬರದಾರ ನೋಡ್ರಿ ಅಣ್ಣಾ” ಅಂದರು. 52. ಹುಡುಗ ಮುಖ ಆ ಕಡೆ ತಿರುಗಿಸಿದ.

ವಯಸ್ಸು ಸಣ್ಣದು, ಬೇಗ ಏರುತ್ತದೆ ಅಂದೆ. ಒಂದೊಮ್ಮೆ ನಿಧಾನವಾದರೆ ಇವನು ಗುಳಿಗೆ ಬಿಟ್ಟಿದ್ದಾನೆ ಅಂತ ಮಾತ್ರ ಅಂದುಕೊಳ್ಳಬೇಡಿ, ವೈರಲ್ ಲೋಡ್ ಎಷ್ಟು ಅಂತ ಕೇಳಿ ಅಂದೆ. ಆ ಪದವನ್ನು ಅವರ ಪುಸ್ತಕದ ಹಿಂಬದಿ ಕನ್ನಡದಲ್ಲಿ ಬರೆದುಕೊಟ್ಟೆ.

“ನಿಮ್ದು ಎಷ್ಟೈತ್ರಿ?” ಅಂತ ಕೇಳಿದರು.

“ಇನ್ನೂರಾ ಮೂವತ್ತೊಂದು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆ, ಚಪ್ಪಲಿ, ಕೈಯಲ್ಲಿದ್ದ ಲಗ್ನಪತ್ರಿಕೆಯ ಪ್ರೂಫು.

“ಎಷ್ಟ್ ವರ್ಷ ಆತ್ರಿ?”

“ಹನ್ನೆರಡು.”

“ಅಷ್ಟರಾಗ?”

“ಹೂನ್ರೀ, ಅಷ್ಟರಾಗ” ಅಂದೆ. ಹುಡುಗ ಈ ಕಡೆ ತಿರುಗಿದ. ಅಷ್ಟರಲ್ಲಿ ಔಷಧಿ ಕಿಟಕಿಯಿಂದ ನನ್ನ ನಂಬರು ಕೂಗಿದರು.